27 ಹುದ್ದೆ ರದ್ದು, 11 ಹೊಸದು: ಚಾರಿಟಿಯ ಯೂನಿಯನ್ ಸ್ಟೀವರ್ಡ್ ಎಲ್ಲಿಂದ ಶುರುಮಾಡಬೇಕು?

ಪ್ರಶ್ನೆ: ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಮನೆಯಿಲ್ಲದವರಿಗೆ ನೆರವಾಗುವ ಒಂದು ಚಾರಿಟಿಯಲ್ಲಿ ಸಪೋರ್ಟ್ ವರ್ಕರ್ ಆಗಿದ್ದೇನೆ. ಒಂದೇ ಕಟ್ಟಡದಿಂದ 120 ಜನ ಕೆಲಸ ಮಾಡುತ್ತೇವೆ. ನಮ್ಮ ಯೂನಿಯನ್‌ಗೆ ಸಂಸ್ಥೆಯ ಮಾನ್ಯತೆ ಇದೆ. ಐದು ತಿಂಗಳ ಹಿಂದೆ ನನ್ನನ್ನು ಸ್ಟೀವರ್ಡ್, ಅಂದರೆ ಕೆಲಸದ ಜಾಗದಲ್ಲಿ ಯೂನಿಯನ್ ಪ್ರತಿನಿಧಿ, ಆಗಿ ಆರಿಸಿದರು. ಕಳೆದ ವಾರ ಸಿಇಒ ಸಭೆ ಕರೆದು, 27 ಹುದ್ದೆ ರದ್ದಾಗುತ್ತವೆ, 11 ಹೊಸ ಹುದ್ದೆ ಬರುತ್ತವೆ, ಅಂದರೆ ಹೋಗುವುದು 16 ಮಾತ್ರ, ಹಾಗಾಗಿ ಯೂನಿಯನ್ ಜೊತೆ ಸಾಮೂಹಿಕ ಸಮಾಲೋಚನೆ ಬೇಕಿಲ್ಲ, ಎರಡು ವಾರದಲ್ಲಿ ಮುಗಿಸುತ್ತೇವೆ ಎಂದರು. ನ್ಯಾಷನಲ್ ಇನ್ಶೂರೆನ್ಸ್ (ಸಂಬಳದ ಮೇಲೆ ಮಾಲೀಕರು ಸರ್ಕಾರಕ್ಕೆ ಕಟ್ಟುವ ವಂತಿಗೆ) ಏರಿಕೆ, ಸ್ಥಳೀಯ ಕೌನ್ಸಿಲ್ ಗುತ್ತಿಗೆಯ ಹಣ ಕಡಿತ, ಇವೇ ಕಾರಣವಂತೆ. ‘ನಾವು ಪರಿಹಾರ ಕೇಳಿದರೆ ಬೀದಿಯಲ್ಲಿ ಮಲಗುವವರ ದುಡ್ಡು ತಿಂದಂತೆ’ ಎಂದು ಕೆಲವು ಸದಸ್ಯರೇ ಹೇಳುತ್ತಿದ್ದಾರೆ. ಇಬ್ಬರು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಭಾರತದಿಂದ ಬಂದವರು. ನಾನು ಎಲ್ಲಿಂದ ಶುರುಮಾಡಲಿ?

ಉತ್ತರ: ಆ 16ರಿಂದಲೇ ಶುರುಮಾಡಿ. ಕಳೆಯುವ ಲೆಕ್ಕ ಸರಿಯಿದೆ, ಕಾನೂನಿನ ಲೆಕ್ಕ ತಪ್ಪಿದೆ. 1992ರ ಟ್ರೇಡ್ ಯೂನಿಯನ್ ಮತ್ತು ಕಾರ್ಮಿಕ ಸಂಬಂಧಗಳ ಕಾಯ್ದೆಯ 188ನೇ ಸೆಕ್ಷನ್ ಕೊನೆಗೆ ಎಷ್ಟು ಹುದ್ದೆ ಕಡಿಮೆಯಾಯಿತು ಎಂದು ಕೇಳುವುದಿಲ್ಲ. ಒಂದು ಕೆಲಸದ ಜಾಗದಲ್ಲಿ, 90 ದಿನಗಳೊಳಗೆ, ಎಷ್ಟು ಜನರನ್ನು ಈಗಿನ ಕರಾರಿನಿಂದ ತೆಗೆಯುವ ಪ್ರಸ್ತಾಪವಿದೆ ಎಂದು ಕೇಳುತ್ತದೆ. ಆ ಸಂಖ್ಯೆ 20 ಮುಟ್ಟಿದರೆ ಮೊದಲ ವಜಾಕ್ಕೆ ಕನಿಷ್ಠ 30 ದಿನ ಮುಂಚೆ ಸಮಾಲೋಚನೆ ಆರಂಭವಾಗಲೇಬೇಕು. 100 ಮುಟ್ಟಿದರೆ 45 ದಿನ. ರದ್ದಾಗುವ ಹುದ್ದೆಯವರಲ್ಲಿ ಕೆಲವರಿಗೆ ಬೇರೆ ಕೆಲಸ ಸಿಗಬಹುದು ಎಂಬ ನಿರೀಕ್ಷೆ ಈ ಎಣಿಕೆಯನ್ನು ಇಳಿಸುವುದಿಲ್ಲ. ಹಾರ್ಡಿ ಮತ್ತು ಟೂರಿಸಂ ಸೌತ್ ಈಸ್ಟ್ ಪ್ರಕರಣದಲ್ಲಿ ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿ ಇದನ್ನೇ ಹೇಳಿತು. ಅಲ್ಲಿಯೂ 26 ಜನರ ಕಚೇರಿ ಮುಚ್ಚಿ ಒಂದಷ್ಟು ಜನರಿಗೆ ಬೇರೆಡೆ ಕೆಲಸ ಕೊಡುತ್ತೇವೆ, ಹಾಗಾಗಿ 20 ಮುಟ್ಟುವುದಿಲ್ಲ ಎಂಬ ವಾದವೇ ಇತ್ತು. ಆ 27 ಹುದ್ದೆಗಳಲ್ಲಿ 20 ಅಥವಾ ಹೆಚ್ಚು ಜನ ಕುಳಿತಿದ್ದರೆ ನಿಮ್ಮದು ಸಾಮೂಹಿಕ ಸಮಾಲೋಚನೆಯ ಪ್ರಕರಣ.

ಒಪ್ಪಿಕೊಳ್ಳುವ ಮೊದಲು ನೀವೂ ತಲೆ ಎಣಿಸಿ. 27ರಲ್ಲಿ ಎಷ್ಟು ಹುದ್ದೆ ಈಗಾಗಲೇ ಖಾಲಿ ಇವೆ? ಖಾಲಿ ಕುರ್ಚಿಗೆ ವಜಾ ಇಲ್ಲ. ಎಷ್ಟು ನಿಗದಿತ ಅವಧಿಯ ಕರಾರುಗಳು? 2013ರ ಏಪ್ರಿಲ್‌ನಿಂದ, ಅವಧಿ ತಾನಾಗಿ ಮುಗಿಯುವ ಕರಾರುಗಳನ್ನು ಈ ಎಣಿಕೆಯಿಂದ ಹೊರಗಿಟ್ಟಿದ್ದಾರೆ. ಚಾರಿಟಿಗಳಲ್ಲಿ ಅನುದಾನಕ್ಕೆ ಕಟ್ಟಿದ ಕರಾರುಗಳೇ ಹೆಚ್ಚು ಇರುವುದರಿಂದ ಇದು ದೊಡ್ಡ ರಂಧ್ರ. ಆದರೆ ಅವಧಿಗೆ ಮುಂಚೆಯೇ ಕಳಿಸುವುದಾದರೆ ಅವರೂ ಎಣಿಕೆಗೆ ಬರುತ್ತಾರೆ. ಸ್ವಯಂಪ್ರೇರಿತವಾಗಿ ರಿಡಂಡೆನ್ಸಿ (ಹುದ್ದೆ ರದ್ದಾಗಿ ಪರಿಹಾರದೊಂದಿಗೆ ಕೆಲಸ ಬಿಡುವುದು) ತೆಗೆದುಕೊಳ್ಳುವವರು ಬರುತ್ತಾರೆ. ‘ಹೊಸ ಷರತ್ತಿಗೆ ಸಹಿ ಹಾಕದಿದ್ದರೆ ತೆಗೆದು ಮತ್ತೆ ನೇಮಿಸುತ್ತೇವೆ’ ಎಂದು ಯಾರಿಗಾದರೂ ಹೇಳಿದ್ದರೆ ಅವರೂ ಬರುತ್ತಾರೆ. ಚಾರಿಟಿಗೆ ಊರೂರಲ್ಲಿ ಅಂಗಡಿಗಳಿದ್ದರೆ ಲೆಕ್ಕ ಬೇರೆ: ವುಲ್ವರ್ತ್ಸ್ ಪ್ರಕರಣದಲ್ಲಿ 2015ರಲ್ಲಿ ಐರೋಪ್ಯ ನ್ಯಾಯಾಲಯ ಕೊಟ್ಟ ತೀರ್ಪಿನಿಂದಾಗಿ ಒಂದೊಂದು ಅಂಗಡಿಯೂ ಒಂದೊಂದು ಜಾಗ ಎಂದಾಯಿತು, 20ಕ್ಕಿಂತ ಕಡಿಮೆ ಜನರಿದ್ದ ಅಂಗಡಿಯವರಿಗೆ ಏನೂ ದಕ್ಕಲಿಲ್ಲ. ನಿಮ್ಮದು ಒಂದೇ ಕಟ್ಟಡ, ಆ ತೊಡಕು ಇಲ್ಲ.

ಈಗ ಎಚ್‌ಆರ್‌ಗೆ ಒಂದು ಪತ್ರ. ಫೋನ್ ಬೇಡ, ಕಾರಿಡಾರ್ ಮಾತು ಬೇಡ. ಯೂನಿಯನ್‌ನ ಪ್ರಾದೇಶಿಕ ಅಧಿಕಾರಿಗೆ ತೋರಿಸಿ, ಅವರ ಹೆಸರನ್ನೂ ಸೇರಿಸಿ ಕಳಿಸಿ. ಪತ್ರದಲ್ಲಿ ಮೂರೇ ಮಾತು ಸಾಕು: ಪ್ರಸ್ತಾಪಿತ ವಜಾಗಳು 20 ಅಥವಾ ಹೆಚ್ಚು, 188ನೇ ಸೆಕ್ಷನ್ ಅಡಿ ಕೊಡಬೇಕಾದ ಮಾಹಿತಿಯನ್ನು ಲಿಖಿತವಾಗಿ ಕೊಡಿ, ಅದು ಪೂರ್ತಿ ಕೈಸೇರಿದ ದಿನದಿಂದ ಸಮಾಲೋಚನೆ ಆರಂಭವಾಯಿತೆಂದು ನಾವು ಪರಿಗಣಿಸುತ್ತೇವೆ. ಆ ಮಾಹಿತಿಯಲ್ಲಿ ಏನಿರಬೇಕು ಎಂದು ಕಾಯ್ದೆಯೇ ಬರೆದಿದೆ. ಕಾರಣಗಳು, ಯಾವ ಬಗೆಯ ಎಷ್ಟು ಜನರನ್ನು ತೆಗೆಯುವ ಪ್ರಸ್ತಾಪ, ಆ ಬಗೆಯವರು ಆ ಜಾಗದಲ್ಲಿ ಒಟ್ಟು ಎಷ್ಟು, ಯಾರನ್ನು ಆರಿಸುತ್ತೀರಿ ಎಂಬುದರ ವಿಧಾನ, ವಜಾ ನಡೆಸುವ ಕ್ರಮ ಮತ್ತು ಅವಧಿ, ಕಾನೂನಿನ ಕನಿಷ್ಠಕ್ಕಿಂತ ಹೆಚ್ಚು ಪರಿಹಾರ ಕೊಡುವುದಾದರೆ ಅದರ ಲೆಕ್ಕ, ಏಜೆನ್ಸಿ ಕೆಲಸಗಾರರು ಎಷ್ಟು, ಎಲ್ಲಿ, ಏನು ಕೆಲಸ. ಕೊನೆಯದನ್ನು ಎಚ್‌ಆರ್‌ನವರು ಹೆಚ್ಚಾಗಿ ಮರೆಯುತ್ತಾರೆ. ರಾತ್ರಿ ಪಾಳಿಗೆ ಏಜೆನ್ಸಿಯವರನ್ನು ತುಂಬಿಸಿಕೊಂಡು ಕಾಯಂ ನೌಕರರನ್ನು ಕಳಿಸುತ್ತಿದ್ದಾರೆಯೇ ಎಂಬುದು ಅಲ್ಲೇ ಬಯಲಾಗುವುದು. ಸರ್ಕಾರಕ್ಕೆ ಕಳಿಸುವ ಎಚ್‌ಆರ್1 ಫಾರಂನ ಪ್ರತಿಯನ್ನೂ ಕೇಳಿ. ಅದನ್ನು ಕಳಿಸದಿರುವುದು ಅಪರಾಧ, ಮತ್ತು ಅದರಲ್ಲಿ ಬರೆದ ಸಂಖ್ಯೆ ಸಭೆಯಲ್ಲಿ ಹೇಳಿದ ಸಂಖ್ಯೆಗೆ ಹೊಂದದಿದ್ದರೆ ನಿಮಗೆ ಅದೇ ಸಾಕ್ಷಿ.

ಟ್ರಸ್ಟಿಗಳು ಇದನ್ನು ಹಗುರವಾಗಿ ತೆಗೆದುಕೊಂಡರೆ ಅವರ ಮುಂದಿಡಬೇಕಾದ ಲೆಕ್ಕ ಒಂದಿದೆ. ಸಮಾಲೋಚನೆ ಮಾಡದ ಸಂಸ್ಥೆಗೆ ನ್ಯಾಯಮಂಡಳಿ ವಿಧಿಸುವ ರಕ್ಷಣಾ ಪರಿಹಾರ ಒಬ್ಬರಿಗೆ 90 ದಿನದ ಸಂಬಳದವರೆಗೆ ಇತ್ತು. 2025ರ ಉದ್ಯೋಗ ಹಕ್ಕುಗಳ ಕಾಯ್ದೆ ಅದನ್ನು 2026ರ ಏಪ್ರಿಲ್‌ನಿಂದ 180 ದಿನಕ್ಕೆ ಏರಿಸಿದೆ. ವಾರಕ್ಕೆ 540 ಪೌಂಡ್ ಸಂಬಳದವರ ಲೆಕ್ಕ ಹಿಡಿದರೆ 180 ದಿನಕ್ಕೆ ತಲೆಗೆ ಸುಮಾರು 13,886 ಪೌಂಡ್. 27 ಜನರಿಗೆ ಹತ್ತಿರಹತ್ತಿರ 3,75,000. ಇದು ಗರಿಷ್ಠ ಮೊತ್ತ, ನಿಜ. ಆದರೆ ಸೂಸಿ ರೇಡಿನ್ ಪ್ರಕರಣದಿಂದೀಚೆಗೆ, ಏನೂ ಸಮಾಲೋಚಿಸದ ಕಡೆ ನ್ಯಾಯಮಂಡಳಿಗಳು ಗರಿಷ್ಠದಿಂದ ಶುರುಮಾಡಿ, ಸಂಸ್ಥೆ ತೋರಿಸುವ ಕಾರಣಗಳಿಗೆ ತಕ್ಕಂತೆ ಕೆಳಗಿಳಿಯುತ್ತವೆ. ಎರಡು ವಾರ ಉಳಿಸಲು ಹೋಗಿ ಇಷ್ಟು ದೊಡ್ಡ ಗಂಡಾಂತರಕ್ಕೆ ಯಾವ ಟ್ರಸ್ಟಿಯೂ ಬೆರಳೊತ್ತುವುದಿಲ್ಲ. ಬೆದರಿಕೆಯ ದನಿ ಬೇಡ, ಲೆಕ್ಕ ಸಾಕು.

ಇನ್ನೊಂದು ಗಟ್ಟಿ ನಿಯಮ: ಸಮಾಲೋಚನೆ ಮುಗಿಯುವ ಮೊದಲು ವಜಾ ನೋಟಿಸ್ ಕೊಡುವಂತಿಲ್ಲ. 2005ರಲ್ಲಿ ಐರೋಪ್ಯ ನ್ಯಾಯಾಲಯ ಕೊಟ್ಟ ಯುಂಕ್ ತೀರ್ಪಿನ ಸಾರ ಅದು. ‘ನೋಟಿಸ್ ಕೊಟ್ಟಿದ್ದೇವೆ, ನೋಟಿಸ್ ಅವಧಿಯಲ್ಲೇ ಮಾತಾಡೋಣ’ ಅಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನಿಮ್ಮ ಕ್ಯಾಲೆಂಡರಿನಲ್ಲಿ ನಾಲ್ಕು ದಿನಾಂಕ ಗುರುತು ಹಾಕಿಕೊಳ್ಳಿ: ಪೂರ್ತಿ ಮಾಹಿತಿ ಬಂದ ದಿನ, 30 ದಿನ ತುಂಬುವ ದಿನ, ಮೊದಲ ನೋಟಿಸ್, ಮೊದಲ ವಜಾ. ಇವುಗಳ ಕ್ರಮ ತಪ್ಪಿದ ಕಡೆಯೇ ಪ್ರಕರಣಗಳು ಗೆಲ್ಲುವುದು. ರಕ್ಷಣಾ ಪರಿಹಾರದ ದಾವೆಯನ್ನು ಮಾನ್ಯತೆ ಇರುವ ಕಡೆ ಹೂಡಬೇಕಾದ್ದು ಯೂನಿಯನ್ನೇ. ಗಡುವು ಕೊನೆಯ ವಜಾದಿಂದ ಮೂರು ತಿಂಗಳಿಗೆ ಒಂದು ದಿನ ಕಡಿಮೆ, ಅದಕ್ಕೂ ಮುಂಚೆ ಉದ್ಯೋಗ ವಿವಾದಗಳ ರಾಜಿ ಸಂಸ್ಥೆ ಏಕಾಸ್‌ನ ರಾಜಿ ಹಂತ. ಗಡುವನ್ನು ಆರು ತಿಂಗಳಿಗೆ ಹಿಗ್ಗಿಸುವ ಬದಲಾವಣೆಯೂ 2025ರ ಕಾಯ್ದೆಯಲ್ಲಿದೆ. ಆದರೂ ಸ್ಟೀವರ್ಡ್ ಆದವರು ಚಿಕ್ಕ ಗಡುವನ್ನೇ ಹಿಡಿದು ನಡೆಯುವುದು ಕ್ಷೇಮ.

ಇನ್ನು ‘ದುಡ್ಡಿಲ್ಲ’ ಎಂಬ ಮಾತು. ಚಾರಿಟಿಯ ಸ್ಟೀವರ್ಡ್‌ಗೆ ಒಂದು ಅನುಕೂಲ ಇದೆ: ಸಂಸ್ಥೆಯ ವಾರ್ಷಿಕ ವರದಿ ಮತ್ತು ಲೆಕ್ಕಪತ್ರ ಚಾರಿಟಿ ಕಮಿಷನ್‌ನ ರಿಜಿಸ್ಟರ್‌ನಲ್ಲಿ ಯಾರು ಬೇಕಾದರೂ ನೋಡುವಂತಿರುತ್ತವೆ. ಕಳೆದ ಮೂರು ವರ್ಷದ್ದನ್ನು ಇಳಿಸಿಕೊಳ್ಳಿ. ಟ್ರಸ್ಟಿಗಳ ವರದಿಯಲ್ಲಿ ‘ರಿಸರ್ವ್ಸ್ ಪಾಲಿಸಿ’ ಎಂಬ ಪ್ಯಾರಾ ಹುಡುಕಿ. ಎಷ್ಟು ತಿಂಗಳ ಖರ್ಚಿಗೆ ಮೀಸಲು ಇಡಬೇಕೆಂದಿದ್ದಾರೆ, ಈಗ ಎಷ್ಟಿದೆ ಎಂದು ಅಲ್ಲಿರುತ್ತದೆ. ಎಷ್ಟೋ ಚಾರಿಟಿಗಳು ಮೀಸಲು ಇಡುವ ಕಾರಣಗಳಲ್ಲಿ ಸಿಬ್ಬಂದಿಗೆ ಕೊಡಬೇಕಾದ ರಿಡಂಡೆನ್ಸಿ ಹಣವನ್ನೂ ಹೆಸರಿಸಿರುತ್ತವೆ. ನಿಮ್ಮದರಲ್ಲಿ ಆ ಸಾಲು ಇದ್ದರೆ ಹಳದಿ ಬಣ್ಣ ಬಳಿದು ಇಟ್ಟುಕೊಳ್ಳಿ. ಆಮೇಲೆ ಸಿಬ್ಬಂದಿ ವೆಚ್ಚದ ಟಿಪ್ಪಣಿ: ವರ್ಷಕ್ಕೆ 60,000 ಪೌಂಡ್ ದಾಟಿದವರನ್ನು ಹತ್ತು ಹತ್ತು ಸಾವಿರದ ಪಟ್ಟಿಗಳಲ್ಲಿ ತೋರಿಸಿರುತ್ತಾರೆ. ಮೂರು ವರ್ಷದಲ್ಲಿ ಆ ಸಾಲುಗಳು ಉದ್ದವಾಗಿವೆಯೇ? ಹಾಸ್ಟೆಲಿನ ರಾತ್ರಿ ಪಾಳಿ ಕತ್ತರಿಸಿ ಇನ್ನೊಬ್ಬ ‘ಹೆಡ್ ಆಫ್ ಟ್ರಾನ್ಸ್‌ಫಾರ್ಮೇಶನ್’ ಕೂರಿಸುವುದಕ್ಕೆ ನಮ್ಮಲ್ಲಿ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರೆ.

ಲೆಕ್ಕಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಿಧಿಗಳ ಟಿಪ್ಪಣಿ. ಚಾರಿಟಿಯ ದುಡ್ಡೆಲ್ಲ ಒಂದೇ ಡಬ್ಬಿಯಲ್ಲಿರುವುದಿಲ್ಲ. ದಾನಿ ಇಂಥದ್ದಕ್ಕೇ ಎಂದು ಕೊಟ್ಟದ್ದು ನಿರ್ಬಂಧಿತ ನಿಧಿ, ಅದನ್ನು ಬೇರೆಡೆ ಮುಟ್ಟುವಂತಿಲ್ಲ. ಷರತ್ತಿಲ್ಲದ್ದು ಸಾಮಾನ್ಯ ನಿಧಿ. ಟ್ರಸ್ಟಿಗಳೇ ‘ಇದು ಹೊಸ ಕಂಪ್ಯೂಟರ್ ವ್ಯವಸ್ಥೆಗೆ’ ಎಂದು ಎತ್ತಿಟ್ಟದ್ದು ಮೂರನೆಯದು, ಮನಸ್ಸು ಮಾಡಿದರೆ ಅದನ್ನು ಅವರೇ ಮತ್ತೆ ಬಿಡಿಸಬಹುದು. ಈ ಮೂರನ್ನು ಬೇರ್ಪಡಿಸದೆ ‘ನಮ್ಮ ಬಳಿ 20 ಲಕ್ಷ ಇದೆಯಲ್ಲ’ ಎಂದು ಸಭೆಯಲ್ಲಿ ಕೂಗಿದ ಸ್ಟೀವರ್ಡ್‌ನ ಬಾಯಿಯನ್ನು ಫೈನಾನ್ಸ್ ಡೈರೆಕ್ಟರ್ ಒಂದೇ ವಾಕ್ಯದಲ್ಲಿ ಮುಚ್ಚಿಸುತ್ತಾರೆ. ಅದೇ ಅಸ್ತ್ರವನ್ನು ನೀವು ತಿರುಗಿಸಬಹುದು. ರದ್ದಾಗುವ ಪ್ರತಿ ಹುದ್ದೆಗೆ ಯಾವ ನಿಧಿಯಿಂದ ಸಂಬಳ, ಆ ಅನುದಾನ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂದು ಕೇಳಿ. ಮುಂದಿನ ಮಾರ್ಚ್‌ವರೆಗೆ ದಾನಿಯ ಹಣ ಇರುವ ಹುದ್ದೆಯನ್ನು ಈಗ ರದ್ದು ಮಾಡಿದರೆ ಸಾಮಾನ್ಯ ನಿಧಿಗೆ ಒಂದು ಪೈಸೆ ಉಳಿಯುವುದಿಲ್ಲ. ಉಲ್ಟಾ, ಉಳಿದ ಅನುದಾನ ದಾನಿಗೆ ಹಿಂದಿರುಗಿಸಬೇಕಾಗಬಹುದು, ರಿಡಂಡೆನ್ಸಿ ಹಣ ಮಾತ್ರ ಸಾಮಾನ್ಯ ನಿಧಿಯಿಂದ ಹೋಗುತ್ತದೆ. 27ರ ಪಟ್ಟಿಯಲ್ಲಿ ಇಂಥವು ಎರಡೋ ಮೂರೋ ಸಿಕ್ಕೇ ಸಿಗುತ್ತವೆ.

ನ್ಯಾಷನಲ್ ಇನ್ಶೂರೆನ್ಸ್ ವಿಷಯವನ್ನೂ ನಂಬಿಕೆ ಮೇಲೆ ಬಿಡಬೇಡಿ. 2025ರ ಏಪ್ರಿಲ್‌ನಲ್ಲಿ ಮಾಲೀಕರ ದರ 13.8ರಿಂದ 15 ಪ್ರತಿಶತಕ್ಕೆ ಏರಿತು, ವಂತಿಗೆ ಶುರುವಾಗುವ ಸಂಬಳದ ಮಿತಿ ವರ್ಷಕ್ಕೆ 9,100 ಪೌಂಡಿನಿಂದ 5,000ಕ್ಕೆ ಇಳಿಯಿತು. ವರ್ಷಕ್ಕೆ 28,080 ಪೌಂಡ್ ಪಡೆಯುವ ಒಬ್ಬರಿಗೆ ಮುಂಚೆ 2,619, ಈಗ 3,462. ವ್ಯತ್ಯಾಸ 843. ಅರೆಕಾಲಿಕವಾಗಿ 9,000 ಪಡೆಯುವವರಿಗೆ ಮುಂಚೆ ಸೊನ್ನೆ, ಈಗ 600. ಪಾರ್ಟ್ ಟೈಮ್ ಜನ ಹೆಚ್ಚಿರುವ ಚಾರಿಟಿಗಳಿಗೆ ಏಟು ಬಿದ್ದದ್ದು ಇಲ್ಲೇ. 120 ಜನರೂ ಮೊದಲ ಬಗೆಯವರೇ ಎಂದುಕೊಂಡರೂ ಒಟ್ಟು 1,01,160. ಅದರಲ್ಲಿ, ವರ್ಷದ ವಂತಿಗೆ 1,00,000 ಪೌಂಡ್ ದಾಟುವ ನಿಮ್ಮಂಥ ಸಂಸ್ಥೆಗೆ ಮುಂಚೆ ಸಿಗದಿದ್ದ, 2025ರ ಏಪ್ರಿಲ್‌ನಿಂದ ಸಿಗುವ ರಿಯಾಯಿತಿಯಾದ ಎಂಪ್ಲಾಯ್‌ಮೆಂಟ್ ಅಲೋಯನ್ಸ್‌ನ 10,500 ಕಳೆಯಿರಿ: 90,660. ಸಂಸ್ಥೆಯ ಸ್ಲೈಡಿನಲ್ಲಿ ಇದಕ್ಕಿಂತ ದುಪ್ಪಟ್ಟು ಅಂಕಿ ಇದ್ದರೆ ಉಳಿದದ್ದು ಎಲ್ಲಿಂದ ಬಂತು ಎಂದು ನಯವಾಗಿ ಕೇಳಿ.

ನಿಮ್ಮ ಸದಸ್ಯರ ಪಾಪಪ್ರಜ್ಞೆಗೆ ಇದೇ ಜಾಗದಲ್ಲಿ ಉತ್ತರ ಇದೆ. ಕಾನೂನಿನ ರಿಡಂಡೆನ್ಸಿ ಹಣ ದಾನವಲ್ಲ, ಸಂಸ್ಥೆಯ ಮೇಲಿರುವ ಸಾಲ. ಬಾಡಿಗೆ, ವಿದ್ಯುತ್ ಬಿಲ್ ಇದ್ದ ಹಾಗೆ. ಅದನ್ನು ಬಿಟ್ಟುಕೊಟ್ಟರೆ ಮನೆಯಿಲ್ಲದ ಒಬ್ಬರಿಗೂ ಹಾಸಿಗೆ ಹೆಚ್ಚಾಗುವುದಿಲ್ಲ. ಚಾರಿಟಿ ನೌಕರರ ಈ ಸ್ವಭಾವದಿಂದ ಮೂರು ಕಡೆ ನಷ್ಟ ಆಗುತ್ತದೆ. ಕೆಲಸ ಹೋದ ಮೇಲೆ ‘ನನ್ನ ಕ್ಲೈಂಟ್‌ಗಳನ್ನು ಬಿಡಲಾರೆ, ವಾಲಂಟಿಯರ್ ಆಗಿ ಬರುತ್ತೇನೆ’ ಅನ್ನುವವರು ಒಂದು: ಆ ಕೆಲಸದ ಅಗತ್ಯ ಇನ್ನೂ ಇದೆ ಎಂಬುದಕ್ಕೆ ಅವರೇ ಸಾಕ್ಷಿ, ಜೊತೆಗೆ ಉಳಿದವರ ಹುದ್ದೆಗೂ ಅವರಿಂದ ಕುತ್ತು. ಎರಡನೆಯದು, ಮೂರು ದಿನದ ಸಂಬಳಕ್ಕೆ ಐದು ದಿನ ದುಡಿಯಲು ಒಪ್ಪುವವರು. ಮೂರನೆಯದೇ ಮೋಸದ್ದು: ‘ಸದ್ಯಕ್ಕೆ ಗಂಟೆ ಕಡಿಮೆ ಮಾಡಿಕೊಳ್ಳುತ್ತೇನೆ, ಪರಿಸ್ಥಿತಿ ನೋಡೋಣ’ ಎಂದು ಸಹಿ ಹಾಕುವವರು. ರಿಡಂಡೆನ್ಸಿ ಹಣದ ಲೆಕ್ಕ ಆಗುವುದು ಈಗಿನ ವಾರದ ಸಂಬಳದ ಮೇಲೆ. ಹತ್ತು ವರ್ಷ ಪೂರ್ಣಾವಧಿ ದುಡಿದು, ಕೊನೆಯ ಆರು ತಿಂಗಳು ಮೂರು ದಿನಕ್ಕೆ ಇಳಿದವರಿಗೆ ಹತ್ತೂ ವರ್ಷದ ಪರಿಹಾರ ಮೂರು ದಿನದ ಸಂಬಳದ ಲೆಕ್ಕದಲ್ಲೇ ಬರುತ್ತದೆ. ಗಂಟೆ ಇಳಿಸುವುದು ಒಳ್ಳೆಯ ಪರ್ಯಾಯವೇ ಇರಬಹುದು. ಆದರೆ ‘ಮುಂದಿನ 12 ತಿಂಗಳಲ್ಲಿ ರಿಡಂಡೆನ್ಸಿ ಆದರೆ ಹಳೆಯ ಸಂಬಳದ ಮೇಲೆ ಲೆಕ್ಕ’ ಎಂಬ ಸಾಲು ಕರಾರಿನಲ್ಲಿ ಬಾರದೆ ಯಾರನ್ನೂ ಸಹಿ ಹಾಕಲು ಬಿಡಬೇಡಿ.

ಹಣದ ಸೂತ್ರ ಸದಸ್ಯರಿಗೆ ನೀವೇ ಹೇಳಿಕೊಡಬೇಕು. ಎರಡು ವರ್ಷ ಸೇವೆ ತುಂಬಿರಬೇಕು. 22 ವರ್ಷಕ್ಕಿಂತ ಮುಂಚಿನ ಪ್ರತಿ ಪೂರ್ಣ ವರ್ಷಕ್ಕೆ ಅರ್ಧ ವಾರದ ಸಂಬಳ, 22ರಿಂದ 40ರವರೆಗೆ ಒಂದು ವಾರ, 41ರಿಂದ ಮೇಲೆ ಒಂದೂವರೆ ವಾರ. ಗರಿಷ್ಠ 20 ವರ್ಷ. ವಾರದ ಸಂಬಳಕ್ಕೂ ಮಿತಿ ಇದೆ, 2025ರ ಏಪ್ರಿಲ್‌ನಲ್ಲಿ ಅದು 719 ಪೌಂಡ್ ಆಯಿತು, ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. 46 ವರ್ಷದ, ಒಂಬತ್ತು ವರ್ಷ ಸೇವೆಯ, ವಾರಕ್ಕೆ 540 ಪಡೆಯುವ ಒಬ್ಬರನ್ನು ತೆಗೆದುಕೊಳ್ಳಿ. ಹಿಂದಕ್ಕೆ ಎಣಿಸಿದರೆ ಐದು ವರ್ಷ 41ರ ಮೇಲೆ: ಏಳೂವರೆ ವಾರ. ಉಳಿದ ನಾಲ್ಕು ವರ್ಷಕ್ಕೆ ನಾಲ್ಕು ವಾರ. ಒಟ್ಟು ಹನ್ನೊಂದೂವರೆ ವಾರ, 6,210 ಪೌಂಡ್, ತೆರಿಗೆ ಇಲ್ಲ. ಇದರ ಜೊತೆಗೆ ಒಂಬತ್ತು ವಾರದ ನೋಟಿಸ್, ಅದಕ್ಕೆ ತೆರಿಗೆ ಇದೆ. ನಿಮ್ಮ ಚಾರಿಟಿಯಲ್ಲಿ ಯಾರಾದರೂ ಹಳೆಯ ಕೌನ್ಸಿಲ್ ನೌಕರರು ಲೋಕಲ್ ಗವರ್ನ್‌ಮೆಂಟ್ ಪೆನ್ಷನ್‌ನಲ್ಲೇ ಉಳಿದಿದ್ದರೆ ಅವರನ್ನು ಪ್ರತ್ಯೇಕ ನೋಡಿ: 55 ದಾಟಿದವರು ರಿಡಂಡೆನ್ಸಿಯಲ್ಲಿ ಹೊರಬಿದ್ದರೆ ಪೆನ್ಷನ್ ಕಡಿತವಿಲ್ಲದೆ ತಕ್ಷಣ ಶುರುವಾಗುತ್ತದೆ, ಅದರ ಹೊರೆ ಸಂಸ್ಥೆಯ ಮೇಲೆ. ಒಬ್ಬರದ್ದೇ ಹತ್ತಾರು ಸಾವಿರ ಆಗಬಹುದು. ಉಳಿತಾಯದ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದಾರೆಯೇ ಎಂದು ಕೇಳಿ.

ಈಗ 11 ಹೊಸ ಹುದ್ದೆಗಳ ಕಡೆ ಬನ್ನಿ. ನಿಮ್ಮ ಸಮಯದ ಅರ್ಧ ಇಲ್ಲಿಗೇ ಮೀಸಲಿಡಿ. ಹಳೆಯ ಜಾಬ್ ಡಿಸ್ಕ್ರಿಪ್ಶನ್, ಹೊಸದು, ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಟಿಕ್ ಹಾಕಿ. ‘ಸಪೋರ್ಟ್ ವರ್ಕರ್’ ಎಂಬುದು ‘ರಿಕವರಿ ಕೋಚ್’ ಆಗಿದೆ ಅಂದುಕೊಳ್ಳಿ. ಹಳೆಯದರಲ್ಲಿ 14 ಕೆಲಸ ಪಟ್ಟಿ ಮಾಡಿದ್ದಾರೆ. ಹೊಸದರಲ್ಲಿ ಅದೇ 11 ಬೇರೆ ಪದಗಳಲ್ಲಿ ಕೂತಿವೆ. ‘ಬೆನಿಫಿಟ್ ಅರ್ಜಿ ತುಂಬಲು ನೆರವು’ ಹೋಗಿ ‘ಆರ್ಥಿಕ ಸಬಲೀಕರಣದ ಪಯಣದಲ್ಲಿ ಜೊತೆ’ ಬಂದಿದೆ, ಸಂಬಳ ಮಾತ್ರ 2,000 ಇಳಿದಿದೆ. 14ರಲ್ಲಿ 11 ಅಂದರೆ ಸುಮಾರು 79 ಪ್ರತಿಶತ. ಬಹಳಷ್ಟು ಸಂಸ್ಥೆಗಳ ನೀತಿಯಲ್ಲಿ ಇಂತಿಷ್ಟು ಪ್ರತಿಶತ ಹೊಂದಿದರೆ ಹಳಬರನ್ನು ಸಂದರ್ಶನವಿಲ್ಲದೆ ನೇರ ಕೂರಿಸಬೇಕು ಎಂದಿರುತ್ತದೆ. ನಿಮ್ಮಲ್ಲಿ ನೀತಿ ಇಲ್ಲದಿದ್ದರೆ 70 ಎಂದು ಪ್ರಸ್ತಾಪ ಇಡಿ. ಇದಕ್ಕೆ ಯಾಕಿಷ್ಟು ಒತ್ತು ಅಂದರೆ, ಇರುವ ಹುದ್ದೆಯಿಂದ ಯಾರನ್ನು ತೆಗೆಯಬೇಕೆಂಬ ಆಯ್ಕೆಯನ್ನು ನ್ಯಾಯಮಂಡಳಿ ಬಿಗಿಯಾಗಿ ನೋಡುತ್ತದೆ, ಹೊಸ ಹುದ್ದೆಗೆ ಯಾರನ್ನು ಸಂದರ್ಶಿಸಿ ಆರಿಸಿದರು ಎಂಬುದರಲ್ಲಿ ಸಂಸ್ಥೆಗೆ ಬಹಳ ಸಡಿಲ ಕೊಡುತ್ತದೆ. ‘ಎಲ್ಲರೂ ಹೊಸದಾಗಿ ಅರ್ಜಿ ಹಾಕಿ’ ಎಂಬ ಹಂತಕ್ಕೆ ಹೋದ ಮೇಲೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಅಂಕ ಹಾಕಿ ಆರಿಸುವುದಾದರೆ ಅಂಕಪಟ್ಟಿಯನ್ನು ಅಂಕ ಹಾಕುವ ಮುಂಚೆ ನೋಡಿ. ಚಾರಿಟಿಗಳ ಪಟ್ಟಿಯಲ್ಲಿ ‘ಧ್ಯೇಯದ ಬಗ್ಗೆ ಒಲವು’ ಎಂಬಂಥ ಸಾಲು ನುಸುಳಿರುತ್ತದೆ. ಒಲವನ್ನು ಅಳೆಯುವ ಮಾಪಕ ಯಾವ ಮ್ಯಾನೇಜರ್ ಬಳಿಯೂ ಇಲ್ಲ, ಹೊಡೆದುಹಾಕಿಸಿ. ‘ಹೊಂದಿಕೊಳ್ಳುವ ಗುಣ’ ಎಂದರೆ ರಾತ್ರಿ ಪಾಳಿಗೆ ಸಿಗುವವರು ಎಂದು ಅರ್ಥವಾದರೆ ಚಿಕ್ಕ ಮಕ್ಕಳ ತಾಯಂದಿರಿಗೆ ಸೋಲು, ಅದು ಪರೋಕ್ಷ ತಾರತಮ್ಯದ ದಾರಿ. ರಜೆಯ ಅಂಕದಲ್ಲಿ ಗರ್ಭಿಣಿಯ ರಜೆ, ಅಂಗವೈಕಲ್ಯಕ್ಕೆ ಸಂಬಂಧಿಸಿದ ರಜೆ ಎಣಿಸಬಾರದು. ಹಾಸ್ಟೆಲಿನಲ್ಲಿ ಹಲ್ಲೆಗೊಳಗಾಗಿ ರಜೆ ಹಾಕಿದವರದ್ದನ್ನೂ ತೆಗೆಸಿ. ಕಾರ್ಯಕ್ಷಮತೆಗೆ 30 ಅಂಕ ಇಟ್ಟು, ಎರಡು ವರ್ಷದಿಂದ ಅಪ್ರೇಸಲ್ಲೇ ನಡೆದಿಲ್ಲವಾದರೆ ಆ 30 ಅಂಕ ಮ್ಯಾನೇಜರ್ ನೆನಪಿನಿಂದ ಬರೆದದ್ದು. ಗರ್ಭಿಣಿ ಎಂದು ತಿಳಿಸಿದ ದಿನದಿಂದ ಹಿಡಿದು, ಹೆರಿಗೆ ರಜೆಗೆ ಹೋದವರಿಗೆ ಮಗು ಹುಟ್ಟಿದ 18 ತಿಂಗಳವರೆಗೆ, ಸೂಕ್ತ ಖಾಲಿ ಹುದ್ದೆಯಲ್ಲಿ ಮೊದಲ ಹಕ್ಕು ಅವರದ್ದು. 2024ರ ಏಪ್ರಿಲ್‌ನಿಂದ ಇರುವ ಈ ನಿಯಮ ಎಷ್ಟೋ ಎಚ್‌ಆರ್‌ಗಳಿಗೆ ಇನ್ನೂ ಹೊಸದು.

ಒಂದು ಗೆರೆ ಮಾತ್ರ ದಾಟಬೇಡಿ: ಯಾವ ಗುಂಪಿನಿಂದ ಆರಿಸುವುದು, ಯಾವ ಅಳತೆಯಿಂದ ಆರಿಸುವುದು ಎಂಬುದರ ಬಗ್ಗೆ ಎಷ್ಟು ಬೇಕಾದರೂ ಚೌಕಾಶಿ ಮಾಡಿ, ವ್ಯಕ್ತಿಯ ಹೆಸರು ನಿಮ್ಮ ಬಾಯಿಂದ ಬರಬಾರದು. ‘ಅವರು ಹೇಗೂ ಮುಂದಿನ ವರ್ಷ ರಿಟೈರ್ ಆಗ್ತಾರೆ’ ಎಂದು ಮ್ಯಾನೇಜರ್ ನಗುತ್ತಾ ಹೇಳಿದಾಗ ನೀವು ತಲೆಯಾಡಿಸಿದರೂ ಮಿನಿಟ್ಸ್‌ನಲ್ಲಿ ‘ಯೂನಿಯನ್ ಒಪ್ಪಿತು’ ಎಂದು ಬೀಳುತ್ತದೆ. ಮಿನಿಟ್ಸ್ ಬರೆಯಲು ನಿಮ್ಮವರೊಬ್ಬರು ಪಕ್ಕದಲ್ಲಿರಲಿ, ಅದೇ ಸಂಜೆ ನಿಮ್ಮ ಪ್ರತಿಯನ್ನು ಎಚ್‌ಆರ್‌ಗೆ ಕಳಿಸಿ. ಒಂದೇ ಹುದ್ದೆಗೆ ಇಬ್ಬರು ಸದಸ್ಯರು ಎದುರುಬದುರಾದರೆ ಇಬ್ಬರಿಗೂ ಬೇರೆ ಬೇರೆ ಸ್ಟೀವರ್ಡ್ ಕೊಡಿಸಿ. ನಿಮ್ಮ ಹುದ್ದೆಯೇ ಪಟ್ಟಿಯಲ್ಲಿದ್ದರೆ ನಿಮಗೂ ಇನ್ನೊಬ್ಬರು ಬೇಕು. ಯಾರು ಸದಸ್ಯರು, ಯಾರಿಗೆ ಏನು ಕಾಯಿಲೆ ಎಂಬ ಪಟ್ಟಿಯನ್ನು ಸಂಸ್ಥೆಯ ಇಮೇಲ್‌ನಲ್ಲಿ ಇಡಬೇಡಿ. ಯೂನಿಯನ್ ಸದಸ್ಯತ್ವವೂ ಡೇಟಾ ಕಾನೂನಿನಲ್ಲಿ ವಿಶೇಷ ರಕ್ಷಣೆಯ ಮಾಹಿತಿ.

ಸಾಮೂಹಿಕ ಸಮಾಲೋಚನೆಯಲ್ಲಿ ಸದಸ್ಯರಲ್ಲದವರ ಪರವಾಗಿಯೂ ನೀವೇ ಮಾತಾಡುತ್ತೀರಿ, ಅದು ಮಾನ್ಯತೆಯ ಫಲ. ವೈಯಕ್ತಿಕ ಸಭೆಗಳಿಗೆ ಜೊತೆ ಹೋಗುವುದು ಸದಸ್ಯರಿಗೆ ಮಾತ್ರ. ಶಿಸ್ತುಕ್ರಮದ ಸಭೆಗೆ ಜೊತೆಗಾರರನ್ನು ಒಯ್ಯುವ ಕಾನೂನಿನ ಹಕ್ಕು ರಿಡಂಡೆನ್ಸಿ ಸಭೆಗೆ ಇಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ; ಆದ್ದರಿಂದ ಮೊದಲ ಸಭೆಯಲ್ಲೇ ಅದನ್ನು ಒಪ್ಪಂದವಾಗಿ ಬರೆಸಿಕೊಳ್ಳಿ. ಈ ಕೆಲಸಕ್ಕೆ ಸಂಬಳಸಹಿತ ಸಮಯ ಕೇಳುವುದು ನಿಮ್ಮ ಹಕ್ಕು, ಅದೇ 1992ರ ಕಾಯ್ದೆಯ 168ನೇ ಸೆಕ್ಷನ್. 27 ಜನ, ಒಬ್ಬೊಬ್ಬರಿಗೆ ಮೂರು ಸಭೆ, ಪ್ರತಿಯೊಂದಕ್ಕೂ ಮುಂಚೆ ಒಂದು ಗಂಟೆ ತಯಾರಿ ಎಂದು ಲೆಕ್ಕ ಹಾಕಿ ಗಂಟೆಗಳನ್ನು ಲಿಖಿತವಾಗಿ ಕೇಳಿ. ಹಾಗೆ ಕೇಳದವರು ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಸದಸ್ಯರ ಫೋನ್ ತೆಗೆಯುತ್ತಾ ತಾವೇ ಕಾಯಿಲೆ ಬೀಳುತ್ತಾರೆ.

ಪ್ರತಿ ಪ್ರಸ್ತಾಪವನ್ನು ಮನಸ್ಸಿಗೆ ಬಂದ ಹಾಗೆ ಎಸೆಯಬೇಡಿ, ಬರೆದು ಕೊಡಿ, ಪ್ರತಿಯೊಂದಕ್ಕೂ ಬರಹದಲ್ಲೇ ಉತ್ತರ ಬೇಕೆನ್ನಿ. ಹೊಸ ನೇಮಕಾತಿ ನಿಲ್ಲಿಸುವುದು, ಏಜೆನ್ಸಿ ಖರ್ಚು ಇಳಿಸುವುದು, ಅನುದಾನ ಮುಗಿಯುವ ದಿನಾಂಕಕ್ಕೆ ತಕ್ಕಂತೆ ಹಂತ ಹಂತವಾಗಿ ಮಾಡುವುದು, ಮೊದಲು ಸ್ವಯಂಪ್ರೇರಿತರನ್ನು ಕೇಳುವುದು. ಎಲ್ಲಕ್ಕಿಂತ ಕೆಲಸ ಮಾಡುವುದು ಕೇಸ್‌ಗಳ ಪ್ರಶ್ನೆ: ಒಬ್ಬರಿಗೆ 14 ಕ್ಲೈಂಟ್ ಇದ್ದರೆ, ಹೋಗುವವರ ಕ್ಲೈಂಟ್‌ಗಳು ಯಾರ ಪಾಲಿಗೆ? ರಾತ್ರಿ ಕಟ್ಟಡದಲ್ಲಿ ಒಬ್ಬರೇ ಉಳಿಯುತ್ತಾರೆಯೇ? ಯೂನಿಯನ್‌ನ ಸುರಕ್ಷಾ ಪ್ರತಿನಿಧಿಯನ್ನು ಮುಂಚಿತವಾಗಿ ಸಮಾಲೋಚಿಸಬೇಕೆಂಬ 1977ರ ನಿಯಮ ಇನ್ನೂ ಜಾರಿಯಲ್ಲಿದೆ. ಹೊಸ ರಚನೆಯ ಅಪಾಯ ಅಂದಾಜು ಪತ್ರ ಕೊಡಿ ಎಂದರೆ ಹೆಚ್ಚಿನ ಕಡೆ ಅದು ಬರೆದೇ ಇರುವುದಿಲ್ಲ. ಕಾಳಜಿ ಸೇವೆ ನಡೆಸುವ ಟ್ರಸ್ಟಿಗಳಿಗೆ ಸಂಬಳದ ವಾದಕ್ಕಿಂತ ಇದೇ ಬೇಗ ತಾಗುತ್ತದೆ.

ವೀಸಾದಲ್ಲಿರುವ ಆ ಇಬ್ಬರನ್ನು ಈ ವಾರವೇ ಕಾಣಿ. ಕೆಲಸ ಮುಗಿದ ಹತ್ತು ಕೆಲಸದ ದಿನಗಳೊಳಗೆ ಸಂಸ್ಥೆ ವೀಸಾ ನೋಡಿಕೊಳ್ಳುವ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸಬೇಕು. ಆಮೇಲೆ ಹೋಮ್ ಆಫೀಸ್ ವೀಸಾವನ್ನು ಸಾಮಾನ್ಯವಾಗಿ 60 ದಿನಕ್ಕೆ ಮೊಟಕುಗೊಳಿಸಿ ಪತ್ರ ಕಳಿಸುತ್ತದೆ, ಉಳಿದ ಅವಧಿ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟಕ್ಕೇ. ಹಾಗಾಗಿ ಅವರಿಗೆ ನೋಟಿಸ್ ಅವಧಿಯ ಒಂದೊಂದು ವಾರವೂ ಬಂಗಾರ: ‘ನೋಟಿಸ್ ಬದಲು ದುಡ್ಡು ಕೊಟ್ಟು ಇವತ್ತೇ ಕಳಿಸುತ್ತೇವೆ’ ಎಂಬುದು ಬೇರೆಯವರಿಗೆ ಅನುಕೂಲವಾದರೂ ಇವರಿಗೆ ಏಟು. ಗಂಟೆ ಇಳಿಸಿಕೊಂಡರೆ ಸಂಬಳ ವೀಸಾದ ಕನಿಷ್ಠಕ್ಕಿಂತ ಕೆಳಗೆ ಬೀಳಬಹುದು. ಬೇರೆ ಹುದ್ದೆ ಕೊಟ್ಟರೂ ಅದರ ಉದ್ಯೋಗ ಕೋಡ್ ಬೇರೆಯಾಗಿದ್ದರೆ ಕೆಲಸಕ್ಕೆ ಸೇರುವ ಮುಂಚೆ ಹೊಸ ಅರ್ಜಿ ಮಂಜೂರಾಗಬೇಕು. ರಿಡಂಡೆನ್ಸಿ ಹಣ ಸರ್ಕಾರಿ ನೆರವಲ್ಲ, ವೀಸಾ ಷರತ್ತಿಗೆ ಅಡ್ಡಿಯಿಲ್ಲದೆ ಪಡೆಯಬಹುದು. ಕಟ್ಟಿದ ವಂತಿಗೆಯ ಮೇಲೆ ಸಿಗುವ ನಿರುದ್ಯೋಗ ಭತ್ಯೆ, ನ್ಯೂ ಸ್ಟೈಲ್ ಜೆಎಸ್‌ಎ ಕೂಡ ಹಾಗೆಯೇ. ಇದಕ್ಕಿಂತ ಮುಂದೆ ಹೋಗಿ ‘ಈ ಅರ್ಜಿ ಹಾಕಿ’ ಎಂದು ನೀವು ಹೇಳಬೇಡಿ. ಬ್ರಿಟನ್‌ನಲ್ಲಿ ವಲಸೆ ಸಲಹೆ ನೋಂದಾಯಿತರ ಕೆಲಸ. ಯೂನಿಯನ್‌ನ ಕಾನೂನು ವಿಭಾಗದ ಮೂಲಕ ವಕೀಲರ ಬಳಿಗೆ ಕಳಿಸಿ. ಊರಿನ ಕಡೆಯವರೆಂಬ ಸಲುಗೆಯಲ್ಲಿ ವಾಟ್ಸಾಪ್ ಗುಂಪಿನ ಸಲಹೆ ನಂಬಿ ಕೆಟ್ಟವರು ಕಡಿಮೆಯಲ್ಲ.

ಕೊನೆಗೆ ಬರುವುದು ಸೆಟ್ಲ್‌ಮೆಂಟ್ ಅಗ್ರಿಮೆಂಟ್, ಅಂದರೆ ಹಣ ಪಡೆದು ದಾವೆಯ ಹಕ್ಕು ಬಿಟ್ಟುಕೊಡುವ ಒಪ್ಪಂದ. ಓದಿ ಯೋಚಿಸಲು ಕನಿಷ್ಠ ಹತ್ತು ದಿನ ಕೊಡಬೇಕೆಂದು ಏಕಾಸ್‌ನ ಸಂಹಿತೆ ಹೇಳುತ್ತದೆ, ಸ್ವತಂತ್ರ ಸಲಹೆಗಾರರ ಸಲಹೆ ಪಡೆಯದೆ ಅದು ಊರ್ಜಿತವಲ್ಲ. ಸಮಾಲೋಚನೆಯ ಮಧ್ಯದಲ್ಲೇ ‘ಇದಕ್ಕೆ ಸಹಿ ಹಾಕಿದರೆ 500 ಹೆಚ್ಚು’ ಎಂದು ಹಂಚಿದರೆ ಯಾರೂ ಸಹಿ ಹಾಕದಂತೆ ಅದೇ ದಿನ ಸದಸ್ಯರ ಸಭೆ ಕರೆಯಿರಿ. ಬೇರೆ ಹುದ್ದೆಗೆ ಹೋಗುವವರಿಗೆ ನಾಲ್ಕು ವಾರದ ಪ್ರಾಯೋಗಿಕ ಅವಧಿ ಇದೆ. ಐದನೇ ವಾರ ‘ನನಗೆ ಆಗಲ್ಲ’ ಅಂದರೆ ರಿಡಂಡೆನ್ಸಿ ಹಣ ಕೈತಪ್ಪುತ್ತದೆ, ಆ ದಿನಾಂಕವನ್ನು ಅವರ ಫೋನಿನಲ್ಲಿ ನೀವೇ ಅಲಾರಂ ಇಡಿ. ಹೋಗುವವರ ಕೈಗೆ ಹಣದ ಲೆಕ್ಕದ ಲಿಖಿತ ಪತ್ರ ಬರಬೇಕು. ಸೇವೆಯ ವರ್ಷ, ವಯಸ್ಸು, ವಾರದ ಸಂಬಳ, ಬಳಸದ ರಜೆಯ ಹಣ, ನೋಟಿಸ್, ಈ ಐದನ್ನು ಕಡೆಯ ಪೇಸ್ಲಿಪ್ ಜೊತೆ ಇಟ್ಟು ತಾಳೆ ನೋಡಿ. ಸೇವೆಯ ವರ್ಷದಲ್ಲೇ ಹೆಚ್ಚು ತಪ್ಪುತ್ತದೆ: ಇನ್ನೊಂದು ಚಾರಿಟಿಯಿಂದ ಗುತ್ತಿಗೆ ವರ್ಗವಾದಾಗ ಟ್ಯೂಪಿ (ಕೆಲಸ ಬೇರೆ ಸಂಸ್ಥೆಗೆ ವರ್ಗವಾದಾಗ ನೌಕರರ ಹಳೆಯ ಸೇವೆ ಉಳಿಸುವ ನಿಯಮ) ಅಡಿ ಬಂದವರ ಹಳೆಯ ವರ್ಷಗಳು ಪೇರೋಲ್‌ನಲ್ಲಿ ಬಿಟ್ಟುಹೋಗಿರುತ್ತವೆ. ಅವರ ಮೊದಲ ನೇಮಕಾತಿ ಪತ್ರ ಇವತ್ತೇ ಹುಡುಕಿಸಿ ಇಡಿ.